ಮೊಳೆಯ ಮೇಲಿನ ಡಬ್ಬಿ

೭ ಆಗಸ್ಟ್ ೧೯೮೯, ಸೋಮವಾರ
ಇಚಲಕರಂಜಿ

ಹೊಸ ಕಂಪ್ಯೂಟರ್ ಬಂತು. ನಿನ್ನೆಯ ಪಂಚಮಿಯ ಉಂಡಿ ಇನ್ನೂ ಹೊಟ್ಟೆಯಲ್ಲಿ ಕರಗಿರಲಿಲ್ಲ, ಬೆಳಿಗ್ಗೆಯೇ ಸಂಘದ ಬಾಗಿಲಿಗೆ ಟೆಂಪೊ ಬಂದು ನಿಂತಿತು. ನೂಲಿನ ಪೆಟ್ಟಿಗೆ ಇಳಿಸುವ ಹಮಾಲರೇ ಅದನ್ನೂ ಇಳಿಸಿದರು. ನನ್ನ ಜೀವ ಬಾಯಿಗೆ ಬಂದಿತ್ತು. ಒಂದು ದೊಡ್ಡ ಪೆಟ್ಟಿಗೆ, ಅದಕ್ಕೆ ಕಟ್ಟಿಹಾಕಿದಂತೆ ನಾಲ್ಕು ಟರ್ಮಿನಲ್ಲು. ನಾಲ್ವರು ಒಮ್ಮೆಗೇ ಕೂತು ಕೆಲಸ ಮಾಡಬಹುದಂತೆ. ಇದರೊಳಗೆ ಯುನಿಕ್ಸ್. ನನ್ನ ಹಳೆಯದರಲ್ಲಿ ಇರುವುದು ಡಾಸ್, ಒಬ್ಬರು ಕೂತರೆ ಒಬ್ಬರೇ. ನನಗೆ ಅದೇ ಸರಿ ಇತ್ತು.

ಮ್ಯಾನೇಜರ್ ಪರಪ್ಪ ಸಾಹೇಬರು ಒಳ್ಳೆಯವರು. ಆದರೆ ಎದುರಿಗೆ ಯಾರು ಕೂತಿದ್ದಾರೋ ಅವರ ಮಾತೇ ಅವರಿಗೆ ಖರೆ. ಇವತ್ತು ಎದುರಿಗೆ ಕೊಲ್ಲಾಪುರದ ಕಂಪನಿಯವರು ಕೂತಿದ್ದರು.

"ಮಂಗಲಾಬಾಯಿ, ದಸರಾಕ್ಕ ಇದು ಚಾಲೂ ಆಗಬೇಕ್ರಿ. ಕಂಪನಿಯವ್ರು ತಮ್ಮ ತಯಾರ ಪ್ಯಾಕೇಜ ಹಾಕಿ ಕೊಡ್ತಾರಂತ. ನಿಮ್ಮ ಪಾಳಿ ಪ್ರೋಗ್ರಾಮ ಹಳೇದಾತು ಬಿಡ್ರಿ."

"ಅವರ ಪ್ಯಾಕೇಜಿನ್ಯಾಗ ದೊಡ್ಡವರದೊಂದು, ಸಣ್ಣವರದೊಂದು ಐತೇನ್ರಿ?" ಎಂದು ಕೇಳಿದೆ.

ಇಲ್ಲ. ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಬರೆದಿಡುತ್ತೇನೆ, ಸಿಟ್ಟು ಇಳಿಯಲಿ. ನಮ್ಮ ಸಂಘದ ಕೆಲಸವೇನು? ಸದಸ್ಯರು ತಂದ ನೂಲಿಗೆ ಗಂಜಿ ಹಿಡಿಸಿ, ಒಣಗಿಸಿ, ಬೀಮು ಎಂಬ ದೊಡ್ಡ ಉರುಳೆಗೆ ಸುತ್ತಿ ಕೊಡುವುದು. ಬೀಮು ಬಾರದೆ ಮಗ್ಗ ಓಡುವುದಿಲ್ಲ. ಗಂಜಿಯ ಯಂತ್ರ ಒಂದೇ, ಸದಸ್ಯರು ನೂರಾರು, ಅದಕ್ಕೇ ಪಾಳಿ. ಸಂಘ ಹುಟ್ಟಿದಾಗಿನಿಂದ ಬಂದ ರೂಢಿ ಎಂದರೆ ದೊಡ್ಡವರದೊಂದು ಪಾಳಿ ಆದ ಮೇಲೆ ಸಣ್ಣವರದೊಂದು. ನಲವತ್ತು ಮಗ್ಗದ ಜಿನಗೊಂಡರ ಬೀಮು ಇಳಿಯಿತೆಂದರೆ ಎರಡು ಮಗ್ಗದ ಬಾಳಕ್ಕನ ಬೀಮು ಏರಬೇಕು. ನಾನು ಬರೆದ ಪ್ರೋಗ್ರಾಮು ಆ ರೂಢಿಯನ್ನು ಪಾಲಿಸುತ್ತದೆ. ಕಂಪನಿಯದರಲ್ಲಿ ಮೊದಲು ಬಂದವರಿಗೆ ಮೊದಲು. ನಸುಕಿನಲ್ಲಿ ಟ್ರಕ್ಕು ತಂದು ಹಚ್ಚುವವರು ಯಾರು, ಕೈಗಾಡಿ ನೂಕಿಕೊಂಡು ಏದುಸಿರು ಬಿಡುತ್ತ ಬರುವವರು ಯಾರು, ಎಲ್ಲರಿಗೂ ಗೊತ್ತು. ದೀಪಾವಳಿಯ ಮುಂಚಿನ ಗದ್ದಲದಲ್ಲಿ ಬಾಳಕ್ಕನಂಥವರ ಮಗ್ಗ ಸುಮ್ಮನೆ ನಿಲ್ಲುತ್ತದೆ.

"ದಸರಾದೊಳಗ ನನ್ನ ಪಾಳಿ ಇದರಾಗ ಓಡಿಸಿ ತೋರಸ್ತೇನ್ರಿ. ಓಡಲಿಲ್ಲಂದ್ರ ಅವರದ ಹಾಕ್ರಿ, ನಾ ಟೈಪಿಂಗ್ ಟೇಬಲಿಗೆ ಹೋಗ್ತೇನಿ" ಎಂದೆ. ಸಾಹೇಬರು ಕಂಪನಿಯವರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಗಲಿ ಎಂದರು.

ಪಾಳಿಯ ಚೀಟಿ ಕೊಡುವ ಸಾವಿತ್ರವ್ವ ಬಾಗಿಲಲ್ಲಿ ಇಣುಕಿ, "ಬಾಯಾರ, ಒಂದ ಸಲ ಮುಟ್ಟಿ ನೋಡ್ಲ್ಯಾ?" ಎಂದಳು. ಮುಟ್ಟುವಂಥದ್ದಲ್ಲ ಎಂದು ಕಳಿಸಿದೆ. ಕೋಣೆಗೆ ಕೀಲಿ ಹಾಕಿದ್ದೇನೆ. ಕೀಲಿಕೈ ಸೊಂಟದಲ್ಲಿದೆ.

೧೧ ಆಗಸ್ಟ್, ಶುಕ್ರವಾರ

ಪಾಸ್ಕಲ್ ಭಾಷೆ ಎರಡೂ ಯಂತ್ರದಲ್ಲಿ ಇದೆ, ಅಲ್ಲಿಯದನ್ನು ತಂದು ಇಲ್ಲಿ ಸುರಿದರೆ ಆಯಿತು ಎಂದುಕೊಂಡಿದ್ದೆ. ಸುರಿದೆ. ತಪ್ಪುಗಳು ಪರದೆಯ ಮೇಲೆ ಓಡಿದ ರಭಸಕ್ಕೆ ಓದಲೂ ಆಗಲಿಲ್ಲ.

ಪರದೆ ಒರೆಸು, ಕರ್ಸರನ್ನು ಇಂಥ ಜಾಗಕ್ಕೆ ಒಯ್ಯಿ, ಒತ್ತಿದ ಗುಂಡಿ ಯಾವುದು ಹೇಳು. ಇಂಥ ಚಿಲ್ಲರೆ ಕೆಲಸಗಳಿಗೆ ಡಾಸಿನಲ್ಲಿ ಒಂದು ಲೈಬ್ರರಿ ಇತ್ತು. ಹೆಸರು ಹಿಡಿದು ಕರೆದರೆ ಸಾಕು, ಮಾಡಿ ಕೊಡುತ್ತಿತ್ತು. ಯುನಿಕ್ಸಿನ ಪಾಸ್ಕಲ್ಲಿಗೆ ಆ ಹೆಸರುಗಳೇ ಗೊತ್ತಿಲ್ಲ. ಹೊಸ ಸೊಸೆಗೆ ಅತ್ತೆಯ ಅಡಿಗೆಮನೆಯಲ್ಲಿ ಆಗುವ ಹಾಗೆ, ಒಲೆ ಇದೆ, ಹಿಟ್ಟು ಇದೆ, ಉಪ್ಪಿನ ಭರಣಿ ಮಾತ್ರ ಕೈಗೆ ಸಿಗುವುದಿಲ್ಲ.

ಪ್ರೋಗ್ರಾಮನ್ನೇ ಹೊಸದಾಗಿ ಬರೆಯಲು ದಸರೆಯೊಳಗೆ ಸಾಧ್ಯವಿಲ್ಲ. ಆದ್ದರಿಂದ ಲೈಬ್ರರಿಯನ್ನೇ ಇಲ್ಲಿ ಕಟ್ಟುತ್ತೇನೆ. ಅದೇ ಹೆಸರು, ಅದೇ ನಡವಳಿಕೆ. ಪ್ರೋಗ್ರಾಮು ತಾನು ಹಳೆಯ ಮನೆಯಲ್ಲೇ ಇದ್ದೇನೆ ಎಂದುಕೊಂಡು ಓಡಬೇಕು. ಅದರ ಒಂದು ಸಾಲನ್ನೂ ನಾನು ಮುಟ್ಟುವುದಿಲ್ಲ, ಬೇರೆಯವರಿಗಂತೂ ಮುಟ್ಟಲು ಬಿಡುವುದೇ ಇಲ್ಲ.

೧೮ ಆಗಸ್ಟ್, ಶುಕ್ರವಾರ

ಕೊಲ್ಲಾಪುರಕ್ಕೆ ಹೋಗಿ ಬಂದೆ. ಯುನಿಕ್ಸಿನ ಪುಸ್ತಕಗಳು ಕಂಪನಿಯ ಆಫೀಸಿನಲ್ಲಿ ಗಾಜಿನ ಕಪಾಟಿನೊಳಗೆ ದೇವರ ಹಾಗೆ ಕೂತಿವೆ. ಮನೆಗೆ ಒಯ್ಯುವಂತಿಲ್ಲ. ಅಲ್ಲೇ ಕೂತು ಓದಿದೆ. ಗುರುಸಿದ್ದ ಎಂಬ ಇಂಜಿನಿಯರ್ ಕಪಾಟು ತೆಗೆದುಕೊಟ್ಟ. ಹುಡುಗು ಮುಖ, ಅಂಗಿಯ ಕಿಸೆಯಲ್ಲಿ ಮೂರು ಪೆನ್ನು.

"ನಮ್ಮೂರು ಹಲಕರ್ಣಿರಿ ಮ್ಯಾಡಮ್. ನೀವು ಗಡಹಿಂಗ್ಲಜದವ್ರಂತ ಕೇಳೇನಿ. ಅಂದ್ರ ನಾವು ಒಂದ ಕಡೇದವ್ರ ಆದ್ವಿ."

"ನೀವು ಪ್ಯಾಕೇಜ ಮಾರಾವ್ರು. ನಾವು ಹೆಂಗ ಒಂದ ಕಡೇದವ್ರು?" ಎಂದೆ.

"ಮಾರಾವ್ರು ಬ್ಯಾರೆ ಅದಾರ್ರಿ. ಮಷೀನ ನಡಸೂದು ನನ್ನ ಕೆಲಸ" ಎಂದು ನಕ್ಕು ಚಹಾ ತರಿಸಿದ. ಕುಡಿದೆ. ನಂಬಲಿಲ್ಲ. ವಾಪಸು ಬರುವ ಎಸ್‌ಟಿಯಲ್ಲಿ ಸೊಂಟ ಮುಟ್ಟಿ ಮುಟ್ಟಿ ನೋಡಿಕೊಂಡೆ, ಕೀಲಿಕೈ ಇತ್ತು.

೨೨ ಆಗಸ್ಟ್, ಮಂಗಳವಾರ

ಪರದೆ ಒರೆಸುವುದು ಆಯಿತು. ಕರ್ಸರು ಹೇಳಿದಲ್ಲಿ ಹೋಗುತ್ತದೆ. ಒತ್ತಿದ ಗುಂಡಿ ಮಾತ್ರ ಕೈಕೊಟ್ಟಿದೆ. ಡಾಸಿನಲ್ಲಿ ಗುಂಡಿ ಒತ್ತಿದ ಕೂಡಲೇ ಪ್ರೋಗ್ರಾಮಿಗೆ ಸುದ್ದಿ ಮುಟ್ಟುತ್ತದೆ. ಇಲ್ಲಿ ಯುನಿಕ್ಸ್ ಮಧ್ಯದಲ್ಲಿ ಕೂತು, ಸಾಲು ಮುಗಿಸಿ ಎಂಟರ್ ಒತ್ತುವವರೆಗೆ ಏನನ್ನೂ ಒಳಗೆ ಬಿಡುವುದಿಲ್ಲ. ಸರ್ಕಾರಿ ಆಫೀಸಿನ ಜವಾನನ ಬುದ್ಧಿ.

೨೩ ಆಗಸ್ಟ್

ಇಲ್ಲ.

೨೪ ಆಗಸ್ಟ್

ಇವತ್ತೂ ಇಲ್ಲ. ಸಾವಿತ್ರವ್ವ ಚಹಾ ತಂದಳು. ಬಾಗಿಲಲ್ಲೇ ಇಸಿದುಕೊಂಡೆ.

೨೬ ಆಗಸ್ಟ್, ಶನಿವಾರ

ಆಯಿತು! ಜವಾನನನ್ನು ಮನೆಗೆ ಕಳಿಸುವ ಆಜ್ಞೆ ಸಿಕ್ಕಿತು. ಗುಂಡಿ ಒತ್ತಿದರೆ ಅಕ್ಷರ ಅದೇ ಕ್ಷಣ ಬರುತ್ತದೆ. ಖುಷಿಗೆ ಒಬ್ಬಳೇ ಜೋರಾಗಿ ನಕ್ಕೆ. ಆದರೆ ಪ್ರೋಗ್ರಾಮು ನಡುವೆ ಸತ್ತರೆ ಜವಾನ ವಾಪಸು ಬರುವುದಿಲ್ಲ, ಟರ್ಮಿನಲ್ಲು ಮೂಕವಾಗಿ ಕೂತುಬಿಡುತ್ತದೆ. ಹೋಗುವಾಗ ಅವನನ್ನು ಕೂಗಿ ಕರೆದು ಕೂರಿಸುವ ಎರಡು ಸಾಲು ಸೇರಿಸಿದೆ.

ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹೇಳಿದರೂ ಯಾರಿಗೆ ತಿಳಿಯಬೇಕು?

೪ ಸೆಪ್ಟೆಂಬರ್, ಸೋಮವಾರ
ಗಡಹಿಂಗ್ಲಜ

ಗಣಪತಿಗೆ ಊರಿಗೆ ಬಂದಿದ್ದೇನೆ. ಅವ್ವನಿಗೆ ನನ್ನ ಕೆಲಸ ವಿವರಿಸಲು ಹೋದೆ. ಉಪ್ಪಿನ ಭರಣಿ ಎಂದದ್ದಕ್ಕೆ ತಲೆಯಾಡಿಸಿದಳು. ನಮ್ಮವ್ವ ಅಕ್ಕವ್ವ ಎಂದರೆ ಓಣಿಗೆಲ್ಲ ಹೆದರಿಕೆ, ನನಗೆ ಮಾತ್ರ ನಗೆ.

"ಅಲ್ಲವಾ, ನಾಕ ಮಂದಿ ಕೂಡೂ ಮಷೀನಂತಿ, ನೀ ಒಬ್ಬಾಕೀನ ಕೂಡ್ತಿ. ಉಳದ ಮೂರು ಕುರ್ಚಿ ಏನ ಮಾಡ್ತಾವು?"

"ಧೂಳ ಹಿಡೀತಾವು" ಎಂದೆ. ಕಡುಬು ತಿಂದೆ. ನಾಳೆ ಮೊದಲನೆಯ ಎಸ್‌ಟಿಗೆ ಹೊರಡಬೇಕು.

೧೪ ಸೆಪ್ಟೆಂಬರ್, ಗುರುವಾರ
ಇಚಲಕರಂಜಿ

ಇವತ್ತು ಪ್ರೋಗ್ರಾಮು ಮೊದಲ ಸಲ ಪೂರ್ತಿ ಓಡಿತು. ಸದಸ್ಯರ ಹೆಸರು ಒಂದೊಂದಾಗಿ ಬಂದವು. ಬಾಳಕ್ಕನ ಹೆಸರಿನ ಮುಂದೆ ಮಗ್ಗಗಳು ಒಂದು ಲಕ್ಷದ ಮೂವತ್ತೊಂದು ಸಾವಿರದ ಚಿಲ್ಲರೆ.

ಕಾರಣ ಹುಡುಕಲು ಮಧ್ಯಾಹ್ನವಾಯಿತು. ಹಳೆಯ ಯಂತ್ರ ಒಂದು ಅಂಕಿಯನ್ನು ಎರಡು ಖಣದಲ್ಲಿ ಇಡುತ್ತದೆ. ಹೊಸದಕ್ಕೆ ನಾಲ್ಕು ಖಣ ಬೇಕು, ಹಾಗಾಗಿ ಪಕ್ಕದ ಅಂಕಿಯನ್ನೂ ಎಳೆದುಕೊಂಡು ಓದಿಬಿಡುತ್ತದೆ. ಓದುವ ಕೆಲಸವನ್ನೂ ಲೈಬ್ರರಿಗೆ ಒಪ್ಪಿಸಿದೆ, ಎರಡೇ ಖಣ ಓದು ಎಂದು ಕಿವಿ ಹಿಂಡಿ ಹೇಳಿದೆ. ಸರಿಯಾಯಿತು.

ಸಂಜೆ ವಾಡೆಗೆ ಬಂದು ಬಾಳಕ್ಕನಿಗೆ ಹೇಳಿದೆ. ನಾನಿರುವ ವಾಡೆಯಲ್ಲಿ ಐದು ಸಂಸಾರ, ನನ್ನ ಕೋಣೆಗೆ ಅಂಟಿಕೊಂಡೇ ಅವಳ ಮನೆ. ಪಡಸಾಲೆಯಲ್ಲಿ ಎರಡು ಮಗ್ಗ, ಒಳಗೆ ಒಲೆ, ನಡುವೆ ಅವಳ ಬಾಯಿ. ಗಂಡ ತೀರಿಕೊಂಡ ಮೇಲೆ ಅವೆರಡು ಮಗ್ಗವೇ ಅವಳನ್ನು ಸಾಕಿವೆ.

"ಲಕ್ಷ ಮಗ್ಗ? ಯವ್ವಾ, ಕಾಂಡಿಗೆ ನೂಲ ಸುತ್ತಾಕ ಯಾರನ್ ಕರೀಲಿ? ನಮ್ಮ ಜಿನಗೊಂಡನ್ನ ಪಗಾರಕ್ಕ ಇಟ್ಕೋತೇನಿ ಬಿಡು" ಎಂದು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕೇಳಿದಳು, "ಖರೇ ಹೇಳು ಮಂಗಲಾ, ದೀಪಾವಳಿ ಮುಂದ ನನ್ನ ಬೀಮು ಏರತೈತಿಲ್ಲ?"

ಏರುತ್ತದೆ ಎಂದೆ. ನನ್ನ ಕೈಯಲ್ಲೇ ಇರುವವಳ ಹಾಗೆ ಹೇಳಿಬಿಟ್ಟೆ.

೨೫ ಸೆಪ್ಟೆಂಬರ್, ಸೋಮವಾರ

ಎಲ್ಲ ಹಾಳಾಯಿತು.

ಇವತ್ತು ಸಂಚಾಲಕರ ಮುಂದೆ ಪರೀಕ್ಷೆ. ಎರಡು ಟರ್ಮಿನಲ್ಲು ಹಚ್ಚಿ ತೋರಿಸಿ ಎಂದರು ಸಾಹೇಬರು. ಒಂದಕ್ಕೆ ಸಾವಿತ್ರವ್ವನನ್ನು, ಇನ್ನೊಂದಕ್ಕೆ ಗೋಡೌನಿನ ಜನಾಬಾಯಿಯನ್ನು ಕೂರಿಸಿದೆ. ನಾನು ಹೇಳಿದ ಗುಂಡಿ ಬಿಟ್ಟು ಬೇರೆಯದನ್ನು ಮುಟ್ಟಬಾರದು ಎಂದು ಇಬ್ಬರಿಗೂ ಬಜಾಯಿಸಿದ್ದೆ. ಸಾವಿತ್ರವ್ವ ಬಾಳಕ್ಕನ ಹೆಸರು ಹಾಕಿದಳು, ಜನಾಬಾಯಿ ಜಿನಗೊಂಡರ ಹೆಸರು ಹಾಕಿದಳು. ಇಬ್ಬರೂ ಒಟ್ಟಿಗೇ ಒತ್ತಿದರು. ಎರಡು ಚೀಟಿ ಬಂದವು. ಎರಡರ ಮೇಲೂ ಒಂದೇ ನಂಬರು.

"ಅಗ ಬಾಯಿ! ಹೇ ಕಾಯ ಝಾಲ?" ಇದೇನಾಯಿತೆಂದು ಜನಾಬಾಯಿ ತನ್ನ ಮರಾಠಿಯಲ್ಲಿ ಕೂಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಜಿನಗೊಂಡರು ಸಂಚಾಲಕರಲ್ಲಿ ಒಬ್ಬರು, ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಏನ್ರಿ ಬಾಯಾರ, ಬಾಳಕ್ಕಾ ನಾನೂ ಕೂಡಿ ಒಂದ ಬೀಮು ಸುತ್ತಿಸಬೇಕೇನ್ರಿ? ಆಕೀನ ಕೇಳಿರೇನು?" ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ವಿಷ ಇರಲಿಲ್ಲ, ಆದರೂ ಕುದಿದುಹೋದೆ. ಸಾವಿತ್ರವ್ವ ತಪ್ಪು ಗುಂಡಿ ಒತ್ತಿದ್ದಾಳೆ ಎಂದು ಎಲ್ಲರೆದುರು ಹೇಳಿದೆ. ಅವಳು ಒತ್ತಿರಲಿಲ್ಲ. ಎದ್ದು ಹೋದಳು.

ಸಾಹೇಬರು ಅಂದರು, "ಖಂಡೇನವಮಿ ತನಕಾ ನೋಡೂಣ್ರಿ. ಕಂಪನಿಯ ಪ್ಯಾಕೇಜಿನ ಟೇಪ ತಯಾರ ಇರಲಿ."

ಸಂಜೆ ಎಲ್ಲರೂ ಹೋದ ಮೇಲೆ ಕಾರಣ ತಿಳಿಯಿತು. ಪ್ರೋಗ್ರಾಮು ಕೊನೆಯ ನಂಬರು ನೋಡುತ್ತದೆ, ಒಂದು ಕೂಡಿಸುತ್ತದೆ, ಬರೆದಿಡುತ್ತದೆ. ಒಬ್ಬರೇ ಕೂತರೆ ಏನೂ ಆಗದು. ಇಬ್ಬರು ಒಮ್ಮೆಗೇ ನೋಡಿದರೆ ಇಬ್ಬರಿಗೂ ಅದೇ ನಂಬರು ಕಾಣುತ್ತದೆ. ನಾಲ್ಕು ವರ್ಷ ಆ ಕುರ್ಚಿಯ ಮೇಲೆ ನಾನೊಬ್ಬಳೇ ಕೂತವಳು. ಇನ್ನೊಬ್ಬರು ಕೂತಾರು ಎಂದು ನನಗೆ ಹೊಳೆದೇ ಇರಲಿಲ್ಲ.

೨೬ ಸೆಪ್ಟೆಂಬರ್

ಬರೆಯಲು ಮನಸ್ಸಿಲ್ಲ. ಬಾಳಕ್ಕ ರೊಟ್ಟಿ ಕಳಿಸಿದಳು, ಹಸಿವಿಲ್ಲ ಎಂದೆ.

೨೮ ಸೆಪ್ಟೆಂಬರ್, ಗುರುವಾರ

ಇವತ್ತಿನದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ, ಓದುವವರು ಯಾರಿದ್ದಾರೆ.

ನಮ್ಮ ವಾಡೆಗೆ ಸಂಡಾಸ ಒಂದೇ, ಹಿತ್ತಲಿನ ಹುಣಸೆ ಗಿಡದ ಹಿಂದೆ. ಅದರ ಬಾಗಿಲಿಗೆ ಚಿಲಕ ನಿಲ್ಲುವುದಿಲ್ಲ. ಹಾಗಾಗಿ ನಾನು ಬರುವುದಕ್ಕೂ ಮೊದಲಿನಿಂದ ಒಂದು ರೂಢಿ ಇದೆ. ಹಿತ್ತಲ ಬಾಗಿಲ ಪಕ್ಕದ ಮೊಳೆಗೆ ತಗಡಿನ ಡಬ್ಬಿ ತೂಗುಹಾಕಿರುತ್ತದೆ. ಹೋಗುವವರು ಡಬ್ಬಿ ತೆಗೆದುಕೊಂಡು ಹೋಗಬೇಕು, ಬಂದ ಮೇಲೆ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಒಳಗೆ ಯಾರೋ ಇದ್ದಾರೆ, ನಿಂತುಕೊಳ್ಳಬೇಕು. ಕೂಗುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ.

ಬೆಳಿಗ್ಗೆ ಎದ್ದು ಹೋದೆ. ಮೊಳೆ ಖಾಲಿ. ನಿಂತೆ. ನನ್ನ ಹಿಂದೆ ಬಾಳಕ್ಕ ಬಂದು ನಿಂತಳು, ಅವಳ ಹಿಂದೆ ಕೊನೆಯ ಮನೆಯ ಸಿದ್ದರಾಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತ. ಎಲ್ಲರೂ ಮೊಳೆಯನ್ನೇ ನೋಡುತ್ತಿದ್ದೆವು.

"ಹಂಗ್ಯಾಕ ನೋಡಾಕತ್ತಿ? ಮೊಳೀ ಏನ ತಾನ ಡಬ್ಬಿ ಹಡಿತೈತೇನು?" ಎಂದಳು ಬಾಳಕ್ಕ.

ನನಗೆ ಎಷ್ಟು ನಗು ಬಂತೆಂದರೆ, ಅಂಥ ಅವಸರದಲ್ಲಿ ನಗಬಾರದಿತ್ತು. ಮೊಳೆ, ಡಬ್ಬಿ! ಯುನಿಕ್ಸಿನಲ್ಲಿ ಒಂದು ಖಾಲಿ ಫೈಲು ಹುಟ್ಟಿಸಬೇಕು. ಆಗಲೇ ಇದ್ದರೆ ಎರಡನೆಯದು ಹುಟ್ಟದು. ಹುಟ್ಟಿಸಿದವರ ಕೈಗೆ ಡಬ್ಬಿ ಸಿಕ್ಕಿತು, ಅವರು ನಂಬರು ತೆಗೆದುಕೊಳ್ಳಲಿ. ಉಳಿದವರು ನಿಲ್ಲಲಿ. ಕೆಲಸ ಮುಗಿದ ಮೇಲೆ ಫೈಲು ಅಳಿಸಿದರೆ ಡಬ್ಬಿ ಮತ್ತೆ ಮೊಳೆಗೆ.

ಪಾಳಿಯ ಫೈಲು ತೆರೆಯುವ ಕೆಲಸ ಹೇಗೂ ಲೈಬ್ರರಿಯದೇ. ಅದರೊಳಗೇ ಡಬ್ಬಿ ಇಟ್ಟೆ. ಕಾಯುವವರಿಗೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಥಾಂಬಾ’ ಎಂದು ಬರುತ್ತದೆ. ಜನಾಬಾಯಿಗೆ ಮರಾಠಿಯೇ ಬೇಕು, ನಿಲ್ಲಿ ಎಂದರೆ ನಿಲ್ಲುವವಳಲ್ಲ.

೨ ಅಕ್ಟೋಬರ್, ಸೋಮವಾರ

ಗಾಂಧಿ ಜಯಂತಿ, ರಜೆ. ಡಬ್ಬಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಒಬ್ಬಳೇ ಹೋದೆ. ಎರಡು ಟರ್ಮಿನಲ್ಲನ್ನು ಹತ್ತಿರ ಎಳೆದು, ಎಡಗೈ ಅಲ್ಲಿ, ಬಲಗೈ ಇಲ್ಲಿ ಇಟ್ಟು ಒಮ್ಮೆಗೇ ಒತ್ತಲು ನೋಡಿದೆ. ಒಂದು ಕೈ ಯಾವಾಗಲೂ ಹಿಂದೆ ಬೀಳುತ್ತದೆ. ಮೂರನೆಯದಕ್ಕೆ ಕಾಲು ಚಾಚಬೇಕಷ್ಟೆ. ಕಾವಲುಗಾರ ಧೋಂಡಿಬಾ ಕಿಟಕಿಯಲ್ಲಿ ನೋಡಿ, "ಬಾಯಾರ, ಮೈಯಾಗ ಬರೋಬ್ಬರಿ ಇಲ್ಲೇನ್ರಿ?" ಎಂದು ಕೇಳಿದ.

ಒಬ್ಬಳಿಂದ ಇದು ಆಗುವ ಕೆಲಸವಲ್ಲ. ಎಷ್ಟು ಹಟ ಮಾಡಿದರೂ ಆಗುವುದಿಲ್ಲ.

೩ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಚೀಟಿಯ ಕಿಟಕಿಗೆ ಹೋಗಿ ನಿಂತೆ. ಸಾವಿತ್ರವ್ವ ತಲೆ ಎತ್ತಲಿಲ್ಲ.

"ಸಾವಿತ್ರವ್ವಾ, ಅವತ್ತ ನೀ ತಪ್ಪ ಒತ್ತಿರಲಿಲ್ಲ. ತಪ್ಪು ಪ್ರೋಗ್ರಾಮಿಂದ ಇತ್ತು. ಅದನ್ನ ಬರದಾಕೀ ನಾನು."

"ಗೊತ್ತೈತ್ರಿ" ಎಂದಳು.

"ಒಳಗ ಬರ್ತೀಯೇನು? ಜನಾಬಾಯೀನೂ ಕರ್ಕೊಂಡ ಬಾ. ಒಬ್ಬಾಕೀ ಕಡಿಂದ ಆಗವಲ್ದು."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ಇಷ್ಟ ದಿನಾ ಮುಟ್ಟಬ್ಯಾಡ ಅಂದ್ರಿ. ಇವತ್ತ ಎಷ್ಟ ಮುಟ್ಟಲಿ?"

"ಎಷ್ಟಾರ ಮುಟ್ಟು. ಮುರದ ಹೋಗೂ ಹಂಗ ಮುಟ್ಟು" ಎಂದೆ.

ಟೈಪಿಂಗಿನ ನಾಗೂಬಾಯಿಯೂ ಬಂದಳು. ನಾಲ್ಕು ಕುರ್ಚಿ ತುಂಬಿದವು. ನಾನು ಒಂದು, ಎರಡು, ಮೂರು ಎನ್ನುವುದು, ಎಲ್ಲರೂ ಒಟ್ಟಿಗೇ ಒತ್ತುವುದು. ಒಂದರಲ್ಲಿ ನಂಬರು, ಮೂರರಲ್ಲಿ ಥಾಂಬಾ. ಮತ್ತೆ ಒಂದರಲ್ಲಿ ನಂಬರು. ಮಧ್ಯಾಹ್ನದ ಹೊತ್ತಿಗೆ ಯಾರಿಗೆ ಮೊದಲು ಬರುತ್ತದೆ ಎಂದು ಮೂವರೂ ಪಂದ್ಯ ಹಚ್ಚಿದ್ದರು, ಸೋತವರು ಚಹಾ ತರುವುದು. ಎಷ್ಟು ಒತ್ತಿದರೂ ಒಂದೇ ನಂಬರು ಎರಡು ಸಲ ಬರಲಿಲ್ಲ. ನನ್ನ ಪ್ರೋಗ್ರಾಮನ್ನು ಅಷ್ಟು ಜನ ಅಷ್ಟು ಜೋರಾಗಿ ಬಡಿಯುವುದನ್ನು ನೋಡಿ ಮೊದಲು ಎದೆ ಧಸಕ್ಕೆಂದಿತು. ಆಮೇಲೆ ನಾನೂ ಬಡಿದೆ. ಚಹಾ ಎರಡು ಸಲ ನಾನೇ ತರಬೇಕಾಯಿತು.

೫ ಅಕ್ಟೋಬರ್, ಗುರುವಾರ

ಯಂತ್ರದ ವಾರದ ತಪಾಸಣೆಗೆ ಗುರುಸಿದ್ದ ಬಂದಿದ್ದ. ಬ್ಯಾಗಿನಲ್ಲಿ ಕಂಪನಿಯ ಟೇಪು. ಅವನೆದುರಿಗೇ ಮಾನ ಹೋಯಿತು. ಜನಾಬಾಯಿ ಒಂದು ಹೆಸರು ತೆರೆದವಳು ಅರ್ಧಕ್ಕೇ ಬಿಟ್ಟು ಊಟಕ್ಕೆ ಎದ್ದು ಹೋದಳು. ಉಳಿದ ಮೂರರಲ್ಲೂ ಥಾಂಬಾ. ಅವಳು ಉಂಡು, ಎಲೆ ಅಡಿಕೆ ಹಾಕಿ, ಮಾತಾಡಿ ಬರುವವರೆಗೂ ಥಾಂಬಾ.

"ಡಬ್ಬಿ ಊಟಕ್ಕ ಒಯ್ದಾಳ್ರಿ" ಎಂದಳು ಸಾವಿತ್ರವ್ವ. ಡಬ್ಬಿಯ ಕಥೆ ಅವರಿಗೆ ಯಾವಾಗ ಹೇಳಿದ್ದೆನೋ.

ಗುರುಸಿದ್ದನಿಗೂ ಹೇಳಬೇಕಾಯಿತು. ಅವನು ನಗಲಿಲ್ಲ, ಕೇಳಿದ, "ನಿಮ್ಮ ವಾಡೇದಾಗ ಹಿಂಗ ಆದ್ರ ಏನ ಮಾಡ್ತೀರಿ?"

ಸಿದ್ದರಾಯನ ಚಾಳಿ ನೆನಪಾಯಿತು. ಅವನು ಡಬ್ಬಿ ಹಿಡಿದುಕೊಂಡೇ ಹಲ್ಲು ತಿಕ್ಕಲು ಕೂರುತ್ತಾನೆ. ಬಾಳಕ್ಕ ಬೈಯುತ್ತಾಳೆ, ಹಲ್ಲು ತಿಕ್ಕಿ, ಮುಖ ತೊಳೆದು, ಹೋಗುವ ಹೊತ್ತಿಗಷ್ಟೇ ಡಬ್ಬಿ ಮುಟ್ಟು ಎಂದು. ಇಲ್ಲಿಯೂ ಅದೇ ಆಗಬೇಕು. ಹೆಸರು, ನೂಲಿನ ತೂಕ, ಮಗ್ಗ ಎಲ್ಲವನ್ನೂ ಮೊದಲು ತುಂಬಿ, ನಂಬರು ಹಾಕುವ ಗಳಿಗೆಗಷ್ಟೇ ಡಬ್ಬಿ ತೆಗೆಯಬೇಕು. ಆದರೆ ಅದಕ್ಕೆ ಲೈಬ್ರರಿ ಸಾಲದು. ಪ್ರೋಗ್ರಾಮಿನ ಸಾಲುಗಳನ್ನೇ ಕಿತ್ತು ಕೆಳಗೆ ಒಯ್ಯಬೇಕು. ಕಿತ್ತೆವು. ನಾನು ಓದುತ್ತ ಹೋದೆ, ಗುರುಸಿದ್ದ ಒತ್ತುತ್ತ ಹೋದ.

"ಇನ್ನೊಂದೈತ್ರಿ ಮ್ಯಾಡಮ್. ಡಬ್ಬಿ ಹಿಡದಾವ ಒಳಗ ಸತ್ತರ?"

ಅದಕ್ಕೂ ವಾಡೆಯಲ್ಲಿ ಉತ್ತರ ಇದೆ. ಡಬ್ಬಿ ಕಾಣದೆ ಹೋದರೆ ಬಾಳಕ್ಕ ಮನೆಮನೆಯ ಹೆಸರು ಹಿಡಿದು ಕೂಗುತ್ತಾಳೆ. ಯಾರೂ ಓಗೊಡದಿದ್ದರೆ ಹೊಸ ಡಬ್ಬಿ ಹಾಕುತ್ತಾಳೆ. ಹಾಗೇ ಮಾಡಿದೆವು. ಡಬ್ಬಿ ತೆಗೆದುಕೊಂಡವರ ಗುರುತು ಅದರಲ್ಲೇ ಬರೆದಿರುತ್ತದೆ, ಕಾಯುವವರು ಆಗಾಗ ಕೂಗಿ ನೋಡುತ್ತಾರೆ, ಬದುಕಿಲ್ಲದಿದ್ದರೆ ಹಳೆಯದನ್ನು ಎಸೆದು ಹೊಸದು ಹಾಕುತ್ತಾರೆ. ಕೂಗುವ ಆಜ್ಞೆ ಯಾವುದು ಎಂದು ಗುರುಸಿದ್ದನೇ ಹೇಳಿಕೊಟ್ಟ.

ಹೋಗುವಾಗ ಅವನನ್ನು ಕೇಳಿದೆ, "ನಿಮ್ಮ ಟೇಪ ಯಾವಾಗ ಹಾಕ್ತೀರಿ?"

"ಪರಪ್ಪ ಸಾಹೇಬ್ರು ದಸರಾದಿನ ಹೇಳ್ತಾರಂತ್ರಿ. ಬ್ಯಾಡ ಅನ್ಲಿ ಅಂತ ನಮ್ಮೂರ ದೇವರಿಗೆ ಕಾಯಿ ಹರಕಿ ಹೊತ್ತೇನಿ" ಎಂದ. ಈ ಸಲ ನಂಬಿದೆ.

೯ ಅಕ್ಟೋಬರ್, ಸೋಮವಾರ

ಖಂಡೇನವಮಿ. ಊರಿನ ಮಗ್ಗಗಳೆಲ್ಲ ನಿಂತಿವೆ. ವರ್ಷಕ್ಕೊಮ್ಮೆ ಈ ಊರಿನಲ್ಲಿ ಗುಬ್ಬಿಯ ಸದ್ದು ಕೇಳಿಸುವುದು ಇವತ್ತೇ. ಗಂಜಿಯ ಯಂತ್ರ ತೊಳೆದು ಕುಂಕುಮ ಹಚ್ಚಿದರು. ನಮ್ಮ ಕೋಣೆಯಲ್ಲೂ ಪೂಜೆ. ಸಾವಿತ್ರವ್ವ ನಾಲ್ಕೂ ಟರ್ಮಿನಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಹಳೆಯ ಡಾಸ್ ಯಂತ್ರಕ್ಕೂ ಒಂದು ಹಾಕಿದಳು, ನನಗೆ ಕಣ್ಣು ತುಂಬಿತು.

ನವಮಿಯ ದಿನ ದುಡಿಮೆಯ ಸಾಮಾನನ್ನೆಲ್ಲ ಕೆಳಗಿಟ್ಟು ಕೈಮುಗಿಯಬೇಕು, ಪೂಜೆಯಾದ ಮೇಲೆ ಮುಟ್ಟುವ ಹಾಗಿಲ್ಲ. ಯಾರೋ ತಕ್ಕಡಿ ತಂದಿಟ್ಟರು, ಯಾರೋ ಕತ್ತರಿ. ನಾನೂ ಸೊಂಟದ ಕೀಲಿಕೈ ಬಿಚ್ಚಿ ತಟ್ಟೆಯಲ್ಲಿಟ್ಟೆ. ಬೇರೆ ಏನಿದೆ ನನ್ನ ಹತ್ತಿರ? ಧೋಂಡಿಬಾ ಒಳಗೇ ಕಾವಲು ಮಲಗುತ್ತಾನೆ.

ಇವತ್ತು ಪರೀಕ್ಷೆ ಮಾಡುವಂತಿಲ್ಲ. ನಾಳೆ ನೇರ ಜನರೆದುರಿಗೇ. ಕಂಪನಿಯ ಟೇಪು ಸಾಹೇಬರ ಮೇಜಿನ ಮೇಲಿದೆ. ಹೆದರಿಕೆಯಾಗುತ್ತಿದೆ.

೧೦ ಅಕ್ಟೋಬರ್, ಮಂಗಳವಾರ
ದಸರೆ

ಬೇಗ ಹೋಗಬೇಕೆಂದು ನಸುಕಿನಲ್ಲೇ ಎದ್ದೆ. ಹೊರಡುವಾಗ ನೋಡಿದರೆ ಬಾಳಕ್ಕ ನೂಲಿನ ಚೀಲ ಹೇರಿದ ಕೈಗಾಡಿಯನ್ನು ಒಬ್ಬಳೇ ನೂಕುತ್ತಿದ್ದಾಳೆ, ಗಾಲಿ ಗಟಾರದ ಅಂಚಿಗೆ ಸಿಕ್ಕಿದೆ. ಬಿಟ್ಟು ಹೋಗಲು ಆಗುತ್ತದೆಯೇ? ಇಬ್ಬರೂ ಎತ್ತಿದೆವು. ಬನ್ನಿ ಸೊಪ್ಪು ಮಾರುವವರ ನಡುವೆ ದಾರಿ ಬಿಡಿಸಿಕೊಂಡು ನೂಕಿದೆವು. ಸಂಘ ಮುಟ್ಟಿದಾಗ ಹೊತ್ತೇರಿತ್ತು, ಪಾಳಿಯ ಸಾಲು ಗೇಟಿನ ತನಕ ಬಂದಿತ್ತು. ಕೋಣೆ ತೆರೆದಿತ್ತು. ಒಳಗೆ ನಾಲ್ಕು ಕುರ್ಚಿಯೂ ತುಂಬಿದ್ದವು. ನಾಲ್ಕನೆಯದರಲ್ಲಿ ಗುರುಸಿದ್ದ ಕೂತು ಸದಸ್ಯರ ಹೆಸರು ಕೇಳುತ್ತಿದ್ದ.

ಒಳಗೆ ಓಡಬೇಕೆಂದಿದ್ದೆ. "ಗಾಡಿ ಹಿಡಿಯವಾ, ಉರುಳತೈತಿ" ಎಂದಳು ಬಾಳಕ್ಕ. ಹಿಡಿದುಕೊಂಡು ಸಾಲಿನಲ್ಲಿ ನಿಂತೆ. ನಮ್ಮ ಮುಂದೆಯೇ ಜಿನಗೊಂಡರು.

ಸಾಲು ಸರಿಯುತ್ತಿತ್ತು. ಜಿನಗೊಂಡರು ಕಿಟಕಿ ಮುಟ್ಟಿದರು, ಆಗಲೇ ಒಳಗೆ ಯಾರೋ ಪೂಜೆಯ ತಟ್ಟೆ ಎತ್ತಲು ಹೋಗಿ ನಾಗೂಬಾಯಿಯ ಟರ್ಮಿನಲ್ಲಿನ ವೈರು ಎಡವಿದರು. ಅವಳ ಪರದೆ ಕಪ್ಪಾಯಿತು. ಅವಳು ನಂಬರು ಹಾಕುವ ಗುಂಡಿ ಒತ್ತಿದ ಗಳಿಗೆಯೇ ಅದು. ಡಬ್ಬಿ ಅವಳ ಕೈಯಲ್ಲಿತ್ತು. ಉಳಿದ ಮೂರರಲ್ಲೂ ಥಾಂಬಾ.

ಪರಪ್ಪ ಸಾಹೇಬರು ಎದ್ದು ನಿಂತರು. "ಮಂಗಲಾಬಾಯಿ ಎಲ್ಲಿ ಅದಾರ?" ಎಂದು ಯಾರೋ ಕೂಗಿದರು. ಸಾಲಿನಲ್ಲಿ ಗುಜುಗುಜು ಎದ್ದಿತು. ನನ್ನ ಕಾಲುಗಳು ತಾವೇ ಹೊರಟಿದ್ದವು. ಬಾಳಕ್ಕ ನನ್ನ ಸೆರಗು ಹಿಡಿದಳು. ಕಿಟಕಿಯಿಂದ ಸಾವಿತ್ರವ್ವನ ದನಿ ಕೇಳಿತು, ನನಗಲ್ಲ, ಸಾಲಿಗೆಲ್ಲ ಹೇಳಿದ್ದು.

"ಗದ್ದಲ ಮಾಡಬ್ಯಾಡ್ರಿ. ಡಬ್ಬಿ ಯಾರ ಕಡೆ ಐತಿ ಅಂತ ಕೂಗಾಕತ್ತೈತಿ. ಈಗ ಹೊಸಾದು ಹಾಕತೈತಿ, ತಡೀರಿ."

ತಡೆದೆವು. ಜಿನಗೊಂಡರೂ ತಡೆದರು. ನಾನು ಗಾಡಿಯ ಹಿಡಿಕೆ ಹಿಸುಕುತ್ತಿದ್ದೆ. ಆಮೇಲೆ ಪ್ರಿಂಟರು ಕಿರಗುಟ್ಟಿತು. ಜಿನಗೊಂಡರ ಚೀಟಿ ಬಂತು. ಅದರ ಬೆನ್ನಿಗೇ ಬಾಳಕ್ಕನದು, ಅವರ ಮುಂದಿನ ನಂಬರು, ದೊಡ್ಡವರದೊಂದು, ಸಣ್ಣವರದೊಂದು. ಬೀಮು ಸೋಮವಾರ ಏರುತ್ತದೆ, ದೀಪಾವಳಿಗೆ ಇನ್ನೂ ದಿನಗಳಿರುತ್ತವೆ. ಬಾಳಕ್ಕ ಚೀಟಿಯನ್ನು ಹಣೆಗೆ ಒತ್ತಿಕೊಂಡಳು.

ಜಿನಗೊಂಡರು ಎರಡೂ ಚೀಟಿ ಹೋಲಿಸಿ ನೋಡಿ, "ಈ ಸಲ ಬ್ಯಾರೆ ಬ್ಯಾರೆ ಬೀಮು ಕೊಟ್ಟಾರವಾ, ನಿನ್ನ ಸೋಬತಿ ತಪ್ಪಿತು" ಎಂದು ಅವಳಿಗೆ ಬನ್ನಿ ಕೊಟ್ಟರು. ಸಾಹೇಬರು ಟೇಪನ್ನು ಗುರುಸಿದ್ದನ ಬ್ಯಾಗಿಗೆ ವಾಪಸು ಹಾಕಿದರು. ಅವನು ಅದರ ಮೇಲೆ ಒಂದು ಹಿಡಿ ಬನ್ನಿ ಸೊಪ್ಪು ತುರುಕಿಕೊಂಡ.

ಒಳಗೆ ಹೋದಾಗ ಕೂರಲು ಜಾಗ ಇರಲಿಲ್ಲ. ಜನಾಬಾಯಿಯ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದೆ. ಮೂವರೂ ಬನ್ನಿ ಕೊಟ್ಟರು, ನಾನೂ ಕೊಟ್ಟೆ. ಎಲ್ಲರೂ ಕೂಡಿ ವಾಡೆಗೆ ಬಂದರು, ಬಾಳಕ್ಕ ಹೋಳಿಗೆ ಮಾಡಿದ್ದಾಳೆ. ಹಿತ್ತಲಿನ ಮೊಳೆ ನೋಡಬೇಕೆಂದು ಗುರುಸಿದ್ದ ಗಂಟುಬಿದ್ದಿದ್ದಾನೆ. ನಮ್ಮ ಪಾಳಿ ಇವತ್ತು ಎಲ್ಲಿಯೂ ತಪ್ಪಲಿಲ್ಲ.

ಊಟಕ್ಕೆ ಕರೆಯುತ್ತಿದ್ದಾರೆ, ಸಾಕು. ಸೊಂಟದಲ್ಲಿ ಕೀಲಿಕೈ ಇಲ್ಲ. ಸಾವಿತ್ರವ್ವನ ಹತ್ತಿರ ಇರಬೇಕು, ಇಲ್ಲ ಜನಾಬಾಯಿಯ ಹತ್ತಿರ. ನಾಳೆ ಯಾರು ಮೊದಲು ಬರುತ್ತಾರೋ ಅವರು ಬಾಗಿಲು ತೆಗೆಯುತ್ತಾರೆ.